ಮೇಲಿನ ರೂಮು ಕಾದ ಕಾವಲಿ, ಕೆಳಗಿನ ರೂಮು ತಂಪು: ಮನೆಯ ಸೆಕೆ, ಗಾಳಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿಗೆ ಚಳಿ "ಶಿವ ಶಿವ" ಅಂತ ಹೊರಟುಹೋಗುತ್ತದೆ. ಅದರ ಮಾರನೇ ವಾರದಿಂದ ನಮ್ಮ ನೆಂಟರಿಷ್ಟರ ಫೋನು ಶುರು. "ಮೇಲಿನ ರೂಮಲ್ಲಿ ಮಲಗೋಕೆ ಆಗ್ತಿಲ್ಲ, ಯಾವ ಎಸಿ ತಗೊಳ್ಳಲಿ?" ದಾವಣಗೆರೆಯಲ್ಲಿ ಮೇಲ್ಮಹಡಿಯ ಮನೆಯಲ್ಲಿ ಬೇಸಿಗೆ ಕಳೆಯುವವನು ನಾನು. ಎಸಿ ಕೊಂಡು, ಆಮೇಲೂ ಬೆವೆತವನು. ಹಾಗಾಗಿ ನಾನು ತಿರುಗಿ ಕೇಳುವುದು ಎರಡೇ: ಬಿಸಿ ಎಲ್ಲಿಂದ ಒಳಗೆ ಬರುತ್ತಿದೆ ಅಂತ ನೋಡಿದಿರಾ? ಗಾಳಿ ಎಲ್ಲಿಂದ ಹೊರಗೆ ಹೋಗುತ್ತಿದೆ ಅಂತ ನೋಡಿದಿರಾ? ಇವೆರಡು ಗೊತ್ತಾಗುವ ತನಕ ದುಡ್ಡು ಬಿಚ್ಚಬೇಡಿ.

ಒಂದೇ ಮನೆ. ಒಂದು ರೂಮು ಮಾತ್ರ ಯಾಕೆ ಹೀಗೆ ಬೇಯುತ್ತದೆ?

ಕೈಯಿಟ್ಟು ನೋಡಿ. ರಾತ್ರಿ ಒಂಬತ್ತರ ಸುಮಾರಿಗೆ ಆ ರೂಮಿನ ನಾಲ್ಕೂ ಗೋಡೆಗೆ ಒಂದೊಂದಾಗಿ ಅಂಗೈ ಒತ್ತಿ. ಆಮೇಲೆ ಫ್ಯಾನ್ ಆರಿಸಿ, ಸ್ಟೂಲ್ ಹತ್ತಿ, ಕೈ ಎಟುಕಿದರೆ ಸೀಲಿಂಗ್ ಮುಟ್ಟಿ. ಯಾವುದು ಬೆಚ್ಚಗಿದೆಯೋ ಅದೇ ಒಲೆ. ಸೀಲಿಂಗ್ ಬಿಸಿ ಇದ್ದರೆ ತಾರಸಿಯ ಕೆಲಸ. ಪಶ್ಚಿಮದ ಗೋಡೆ ಬಿಸಿ ಇದ್ದರೆ ಇಳಿಬಿಸಿಲಿನ ಕೆಲಸ. ಎಲ್ಲವೂ ತಣ್ಣಗಿದ್ದು ರೂಮು ಮಾತ್ರ ಉಸಿರು ಕಟ್ಟಿದಂತಿದ್ದರೆ ಗಾಳಿ ಆಡುತ್ತಿಲ್ಲ ಅಂತ.

ನಮ್ಮ ಮನೆಯಲ್ಲಿ ಇದನ್ನು ಪತ್ತೆ ಮಾಡಿದ್ದು ಕಬ್ಬಿಣದ ಬೀರು. ಅದರ ಬೆನ್ನು ಪಶ್ಚಿಮದ ಗೋಡೆಗೆ ಅಂಟಿಕೊಂಡಿತ್ತು. ಒಂದು ಸಂಜೆ ಮದುವೆಗೆ ಹೊರಡುವಾಗ ನನ್ನ ಹೆಂಡತಿ ಸೀರೆ ತೆಗೆದು, "ಇದಕ್ಕೆ ಈಗ ಇಸ್ತ್ರಿ ಮಾಡಿದ್ರಾ?" ಅಂದಳು. ಯಾರೂ ಮಾಡಿರಲಿಲ್ಲ. ಹಿಂದಿನ ಸಾಲಿನ ಸೀರೆಗಳು ಅಷ್ಟು ಬೆಚ್ಚಗಿದ್ದವು.

ಪೂರ್ವದ ಕಿಟಕಿಗೂ ಬಿಸಿಲು ಬೀಳುತ್ತದೆ, ಆದರೆ ಆಗ ಮನೆ ರಾತ್ರಿಯಿಡೀ ಆರಿ ತಣ್ಣಗಿರುತ್ತದೆ. ಪಶ್ಚಿಮದ ಬಿಸಿಲು ಬರುವುದು ಮನೆ ಆಗಲೇ ಕಾದಿರುವಾಗ. ಅದೂ ಓರೆಯಾಗಿ ಬರುತ್ತದೆ. ಎರಡಡಿ ಸಜ್ಜಾ ಅದನ್ನು ತಡೆಯಲಾರದು.

ಹೊರಗೆ ತಂಪಾಗಿದೆ. ರಾತ್ರಿ ಹನ್ನೊಂದಾದರೂ ಒಳಗೆ ಯಾಕೆ ಇಳಿಯಲ್ಲ?

ಕಾಂಕ್ರೀಟ್ ಛಾವಣಿ ಸಾಲ ಇಟ್ಟುಕೊಂಡ ಹಾಗೆ ಬಿಸಿಲನ್ನು ಇಟ್ಟುಕೊಳ್ಳುತ್ತದೆ. ಐದಿಂಚಿನ ಸ್ಲ್ಯಾಬ್ ಹಗಲೆಲ್ಲ ಕುಡಿದ ಶಾಖವನ್ನು ಕೆಲವು ಗಂಟೆ ತಡವಾಗಿ ಕೆಳಗೆ ಬಿಡುತ್ತದೆ. ನೀವು ಹಾಸಿಗೆ ಹಾಸುವ ಹೊತ್ತಿಗೆ ಅದು ಸರಿಯಾಗಿ ಶುರು ಮಾಡಿರುತ್ತದೆ. ಸೀಲಿಂಗ್ ಕೆಳಗೆ ಸೇರಿದ ಆ ಬಿಸಿ ಗಾಳಿಯನ್ನೇ ಫ್ಯಾನ್ ಮುಖಕ್ಕೆ ತಳ್ಳುತ್ತದೆ. "ಫ್ಯಾನ್ ಹಾಕಿದ್ರೆ ಜಾಸ್ತಿ ಬಿಸಿ" ಅಂತ ಅಜ್ಜಿ ಹೇಳಿದರೆ ನಗಬೇಡಿ, ಅವರು ಹೇಳುವುದು ನಿಜ.

ಇನ್ನೊಂದು ಮಾತು. ನಮ್ಮ ಕಡೆ ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನಡುಮಧ್ಯಾಹ್ನ ನೆರಳೇ ಬೀಳದ ದಿನ ಬರುತ್ತದೆ. ಅಂದರೆ ಆ ಹೊತ್ತಿನ ಬಿಸಿಲೆಲ್ಲ ತಾರಸಿಗೇ. ದಕ್ಷಿಣದ ಕಿಟಕಿಗೆ ದಪ್ಪ ಪರದೆ ಹಾಕಿ, ತಾರಸಿಯನ್ನು ಮರೆತವರು ಬಾಗಿಲಿಗೆ ಬೀಗ ಹಾಕಿ ಗೋಡೆ ಬಿಟ್ಟ ಹಾಗೆ.

ಸರಿ, ತಾರಸಿಗೆ ಏನು ಮಾಡಲಿ?

ಮೊದಲು ಬಿಳಿ ಮಾಡಿ. ಕಪ್ಪಗೆ, ಪಾಚಿ ಕಟ್ಟಿ ಒಣಗಿದ ತಾರಸಿ ಮಧ್ಯಾಹ್ನ ಬರಿಗಾಲಿಡಲು ಆಗದಷ್ಟು ಕಾಯುತ್ತದೆ. ಅದೇ ತಾರಸಿಯ ಅರ್ಧಕ್ಕೆ ಸುಣ್ಣ ಬಳಿದು ಮಾರನೇ ದಿನ ಎರಡು ಗಂಟೆಗೆ ಅಂಗೈ ಇಟ್ಟು ನೋಡಿ. ಒಂದು ಕಡೆ ಕೈ ಕಿತ್ತುಕೊಳ್ಳುತ್ತೀರಿ, ಇನ್ನೊಂದು ಕಡೆ ಕೈ ಇಟ್ಟುಕೊಂಡೇ ಮಾತಾಡಬಹುದು. ಯಾವ ಅಂಗಡಿಯವನ ಮಾತೂ ಇಷ್ಟು ಚೆನ್ನಾಗಿ ಒಪ್ಪಿಸುವುದಿಲ್ಲ.

ಅಗ್ಗದ ದಾರಿ ಸುಣ್ಣ. ನೆನೆಸಿ ಸೋಸಿದ ಸುಣ್ಣಕ್ಕೆ ಸ್ವಲ್ಪ ಅಂಟು ಸೇರಿಸಿ, ತಾರಸಿಯನ್ನು ಉಜ್ಜಿ ತೊಳೆದು, ಎರಡು ಸಲ ಬಳಿಯಿರಿ. ಅಂಟಿಲ್ಲದಿದ್ದರೆ ಕಾಲಿಗೆ ಹತ್ತುತ್ತದೆ, ಒಣಹಾಕಿದ ಹಪ್ಪಳಕ್ಕೂ ಹತ್ತುತ್ತದೆ. ಒಂದು ಮಳೆಗಾಲಕ್ಕೆ ಬಹುಪಾಲು ತೊಳೆದುಹೋಗುತ್ತದೆ. ಪ್ರತಿ ಫೆಬ್ರುವರಿಯಲ್ಲಿ ಮತ್ತೆ ಬಳಿಯಬೇಕು. ಅದಕ್ಕಿಂತ ಬಾಳಿಕೆ ಬರುವುದು ಬಿಸಿಲು ಹಿಂದಕ್ಕೆ ಹೊಡೆಯುವ ಬಿಳಿ ಪೇಂಟು. ಅದಕ್ಕೂ ಧೂಳು ಕೂತರೆ ಗುಣ ಕಡಿಮೆ, ವರ್ಷಕ್ಕೊಮ್ಮೆ ತೊಳೆಯಲೇಬೇಕು. ಇನ್ನೂ ಗಟ್ಟಿ ಬೇಕೆಂದರೆ ಒಡೆದ ಬಿಳಿ ಟೈಲ್ಸ್ ಚೂರು ಹಾಸುವುದು. ಇದೆಲ್ಲ ಹುಚ್ಚಾಟ ಅಂತ ನಗುವವರಿಗೆ ಒಂದು ವಿಷಯ: ಪಕ್ಕದ ತೆಲಂಗಾಣ ಸರ್ಕಾರ 2023ರಲ್ಲಿ ಇಂಥ ತಂಪು ತಾರಸಿಗಾಗಿಯೇ ಒಂದು ನೀತಿ ತಂದಿದೆ.

ಎರಡನೆಯದು ನೆರಳು. ತಾರಸಿಯಿಂದ ಐದಾರು ಅಡಿ ಎತ್ತರದಲ್ಲಿ ಶೇಡ್ ನೆಟ್ ಕಟ್ಟಿದರೂ ಸಾಕು. ಹಳೇ ಕಾಲದ ತೆಂಗಿನ ಗರಿಯ ಚಪ್ಪರ ಇನ್ನೂ ಚೆನ್ನ, ಆದರೆ ಒಣಗಿದ ಗರಿ ಬೆಂಕಿಗೆ ಬೇಗ ಸಿಗುತ್ತದೆ, ಪಟಾಕಿ ಹೊಡೆಯುವ ಬೀದಿಯಲ್ಲಿ ಬೇಡ. ಸೋಲಾರ್ ಪ್ಯಾನೆಲ್ ಹಾಕಿಸುವ ಯೋಚನೆ ಇದ್ದರೆ ಸೆಕೆ ಹೊಡೆಯುವ ರೂಮಿನ ಮೇಲೇ ಬರುವಂತೆ ಹಾಕಿಸಿ. ಕರೆಂಟಿನ ಜೊತೆ ನೆರಳೂ ಸಿಗುತ್ತದೆ.

ಸಂಜೆ ತಾರಸಿಗೆ ಕೊಡಗಟ್ಟಲೆ ನೀರು ಸುರಿಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸ್ವಲ್ಪ ಹೊತ್ತು ತಂಪಾಗುವುದು ಹೌದು. ಆದರೆ ಸಣ್ಣ ಬಿರುಕಿದ್ದರೆ ಸೋರಿಕೆ ಶುರುವಾಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಊರಿನಲ್ಲಿ ಅದನ್ನು ಮಾಡೋಕೆ ಮನಸ್ಸೂ ಬರಲ್ಲ.

ಫಾಲ್ಸ್ ಸೀಲಿಂಗ್ ಮಾಡಿಸಿದರೆ ತಂಪಾಗುತ್ತದಂತೆ?

ಸ್ವಲ್ಪ. ನಡುವಿನ ಗಾಳಿಯ ಪದರ ಶಾಖವನ್ನು ತಡೆಯುತ್ತದೆ. ಆದರೆ ರೂಮಿನ ಎತ್ತರ ಒಂದಡಿ ಹೋಯಿತು, ಫ್ಯಾನ್ ತಲೆಗೆ ಹತ್ತಿರ ಬಂತು. ಬಿಸಿಲನ್ನು ಮೇಲೇ ತಡೆಯುವುದು ಯಾವತ್ತೂ ಒಳ್ಳೆಯದು, ಒಳಗೆ ಬಂದ ಮೇಲೆ ಅಡ್ಡಗಟ್ಟುವುದು ಎರಡನೇ ದಾರಿ. ಬರೀ ಥರ್ಮೋಕೋಲ್ ಶೀಟು ಅಂಟಿಸುವ ಉಪಾಯ ಬೇಡ, ಬೆಂಕಿ ಹತ್ತಿದರೆ ಕರಗಿ ತಲೆ ಮೇಲೆ ಸುರಿಯುತ್ತದೆ.

ಎಲ್ಲ ಕಿಟಕಿ ತೆಗೆದಿಟ್ಟಿದ್ದೇನೆ. ಆದರೂ ಗಾಳಿ ಆಡಲ್ಲವಲ್ಲ?

ಒಂದು ಊದುಬತ್ತಿ ಹಚ್ಚಿ. ಫ್ಯಾನುಗಳನ್ನೆಲ್ಲ ಆರಿಸಿ. ಕಿಟಕಿಯ ಮುಂದೆ, ಬಾಗಿಲ ಸಂದಿಯಲ್ಲಿ, ರೂಮಿನ ಮಧ್ಯೆ, ಬಚ್ಚಲ ಬಾಗಿಲಲ್ಲಿ ಒಂದೊಂದು ನಿಮಿಷ ಹಿಡಿದು ಹೊಗೆ ಯಾವ ಕಡೆ ಬಾಗುತ್ತದೆ ನೋಡಿ. ನೆಟ್ಟಗೆ ಮೇಲೆ ಹೋದರೆ ಅಲ್ಲಿ ಗಾಳಿ ಸತ್ತಿದೆ. ಪರದೆಗೆ ತಾಗಿಸಬೇಡಿ ಅಷ್ಟೆ.

ಬಹಳ ಸಲ ಕಾಣುವುದು ಏನೆಂದರೆ, ಗಾಳಿಗೆ ಬರುವ ದಾರಿ ಇದೆ, ಹೋಗುವ ದಾರಿ ಇಲ್ಲ. ಒಂದೇ ಗೋಡೆಯಲ್ಲಿ ಎರಡು ಕಿಟಕಿ ಇದ್ದರೆ ಎರಡು ದಾರಿ ಅಂತ ಲೆಕ್ಕವಲ್ಲ. ಎದುರಿನ ಬಾಗಿಲು ತೆಗೆದು, ಅದರಾಚೆಯ ಹಾಲಿನ ಕಿಟಕಿಯನ್ನೂ ತೆಗೆದಾಗ ಮಾತ್ರ ಗಾಳಿ ಹಾಯುತ್ತದೆ. ಬಾಗಿಲು ಹಾಕಿಕೊಂಡೇ ಮಲಗುವವರು ಬಾಗಿಲ ಮೇಲೆ ಒಂದು ವೆಂಟಿಲೇಟರ್ ಬಿಡಿಸಿಕೊಳ್ಳಿ. ಹಳೇ ಮನೆಗಳಲ್ಲಿ ಅದು ಇದ್ದೇ ಇರುತ್ತಿತ್ತು. ಈಗಿನ ಫ್ಲ್ಯಾಟುಗಳಲ್ಲಿ ಅದನ್ನು ಯಾರು ಯಾಕೆ ತೆಗೆದುಹಾಕಿದರೋ!

ಇನ್ನು ಸೊಳ್ಳೆ ಜಾಲರಿ. ಧೂಳು ಹಿಡಿದ ಜಾಲರಿ ಬಟ್ಟೆ ಕಟ್ಟಿದ ಹಾಗೆಯೇ. ಬೆಳಕಿಗೆ ಹಿಡಿದು ನೋಡಿ, ತೂತುಗಳು ಕಾಣದಿದ್ದರೆ ಬ್ರಷ್ ಹಾಕಿ ತೊಳೆಯಿರಿ. ಮತ್ತೆ ಸ್ಲೈಡಿಂಗ್ ಕಿಟಕಿ: ಆರಡಿ ಕಿಟಕಿ ಅಂತ ದುಡ್ಡು ಕೊಟ್ಟಿದ್ದೀರಿ, ತೆರೆಯುವುದು ಮೂರೇ ಅಡಿ.

ಮಹಡಿ ಮನೆ ಇದ್ದವರಿಗೆ ಒಂದು ಪುಕ್ಕಟೆ ಉಪಾಯ ಇದೆ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಮೆಟ್ಟಿಲ ಗೂಡೇ ಅದಕ್ಕೆ ಕೊಳವೆ. ರಾತ್ರಿ ತಾರಸಿ ಬಾಗಿಲಿನ ಪಕ್ಕದ ಕಿಟಕಿಯನ್ನು, ಕೆಳಗಿನ ನೆರಳು ಕಡೆಯ ಒಂದು ಕಿಟಕಿಯನ್ನು ತೆಗೆದಿಡಿ. ಅರ್ಧ ಗಂಟೆ ಬಿಟ್ಟು ಊದುಬತ್ತಿ ಹಿಡಿಯಿರಿ. ತೊಟ್ಟಿಮನೆಯ ತೊಟ್ಟಿ, ಮಾಳಿಗೆ ಮನೆಯ ಗವಾಕ್ಷಿ ಮಾಡುತ್ತಿದ್ದುದು ಇದನ್ನೇ. ಕಳ್ಳರ ಭಯಕ್ಕೆ ಗ್ರಿಲ್ ಇರಲಿ.

ಬೇಸಿಗೆಯಲ್ಲಿ ಹಗಲು ಕಿಟಕಿ ತೆಗೆದಿಡಬೇಕಾ, ಮುಚ್ಚಬೇಕಾ?

ನಿಮ್ಮ ಊರು ಯಾವುದು ಹೇಳಿ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಅಲ್ಲಿ ಮಧ್ಯಾಹ್ನ ಕಿಟಕಿ ತೆಗೆದರೆ ಒಲೆಯ ಬಾಯಿ ತೆಗೆದಂತೆ. ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ, ರಾತ್ರಿ ಹೊರಗೆ ತಣಿದ ಮೇಲೆ ಪೂರಾ ತೆರೆಯಿರಿ. ಮಂಗಳೂರು, ಕಾರವಾರದಲ್ಲಿ ಲೆಕ್ಕವೇ ಬೇರೆ. ಅಲ್ಲಿ ತೊಂದರೆ ಬಿಸಿಗಿಂತ ಬೆವರಿನದು, ರಾತ್ರಿಗೂ ಹಗಲಿಗೂ ಅಂಥ ವ್ಯತ್ಯಾಸ ಇಲ್ಲ. ಮುಚ್ಚಿದರೆ ಒಳಗೆ ಬೆಂದೇಹೋಗುತ್ತೀರಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆ ಹಂಚಿನ ಸಂದಿಯಿಂದ ಬಿಸಿ ಗಾಳಿ ತಾನಾಗಿ ಹೊರಗೆ ಹೋಗುತ್ತದೆ. ಅಂಥ ಮನೆ ಕೆಡವಿ ಆರ್‌ಸಿಸಿ ಹಾಕಿಸಿದ ಕರಾವಳಿಯವರು ಮೊದಲ ಬೇಸಿಗೆಯಲ್ಲೇ ಇದನ್ನು ಕಲಿಯುತ್ತಾರೆ.

ಫ್ಯಾನ್ ಐದರಲ್ಲಿ ಇಟ್ಟರೂ ಗಾಳಿ ಬರಲ್ಲ. ಹೊಸದು ತರಬೇಕಾ?

ತಾಳಿ. ಎಲ್ಲ ರೂಮಿನ ಫ್ಯಾನೂ ನಿಧಾನ ಆಗಿದ್ದರೆ ವೋಲ್ಟೇಜ್ ಕಡಿಮೆ, ಫ್ಯಾನಿನ ತಪ್ಪಲ್ಲ. ಬೇಸಿಗೆ ಸಂಜೆ ಇದು ಸಾಮಾನ್ಯ. ಒಂದೇ ಫ್ಯಾನ್ ನಿಧಾನ ಆಗಿದ್ದರೆ, ಹತ್ತರಲ್ಲಿ ಎಂಟು ಸಲ ನಾನು ಕೆಪಾಸಿಟರ್ (ಮೋಟರ್ ತಿರುಗಲು ನೆರವಾಗುವ ಸಣ್ಣ ಡಬ್ಬಿ) ಮೇಲೆ ಅನುಮಾನ ಪಡುತ್ತೇನೆ. ಮನೆಯ ಸಾಮಾನ್ಯ ಫ್ಯಾನಿಗೆ ಹೆಚ್ಚಾಗಿ 2.5 ಮೈಕ್ರೋಫ್ಯಾರಡ್‌ದು ಇರುತ್ತದೆ. ಹಳೆಯದರ ಮೇಲೆ ಬರೆದ ನಂಬರ್ ನೋಡಿ ಅದೇ ತನ್ನಿ. ಅಂಗಡಿಯಲ್ಲಿ ನೂರು ರೂಪಾಯಿ ಒಳಗೇ ಆಗುವ ಸಾಮಾನು ಅದು. "ಜಾಸ್ತಿದು ಹಾಕಿದ್ರೆ ಜೋರಾಗಿ ತಿರುಗುತ್ತೆ" ಅಂತ ಹೇಳುವವರ ಮಾತು ಕೇಳಬೇಡಿ, ಕಾಯಿಲ್ ಕಾದು ಸುಡುತ್ತದೆ. ಬಿಚ್ಚುವ ಮುಂಚೆ ಮೇನ್ ಆಫ್ ಮಾಡಿ. ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು, ವೈರ್ ತುದಿ ಮುಟ್ಟಬೇಡಿ. ಕೈ ಪಳಗಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ.

ಫ್ಯಾನ್ ವೇಗವಾಗೇ ತಿರುಗುತ್ತಿದೆ, ಗಾಳಿ ಮಾತ್ರ ಇಲ್ಲ ಅಂದರೆ ಬೇರೆ ಕಾರಣ. ರೆಕ್ಕೆ ಮೇಲಿನ ಧೂಳು ನೋಡಿ. ಕೆಳಗಿನಿಂದ ನೋಡಿದಾಗ ಅದು ಗಡಿಯಾರದ ಮುಳ್ಳಿನ ಉಲ್ಟಾ ತಿರುಗಬೇಕು, ಹಾಗೇ ತಿರುಗುತ್ತಿದೆಯಾ ನೋಡಿ. ರಿಮೋಟ್ ಫ್ಯಾನುಗಳಲ್ಲಿ ಮಕ್ಕಳು ದಿಕ್ಕು ಬದಲಿಸುವ ಬಟನ್ ಒತ್ತಿರುತ್ತಾರೆ. ರೆಕ್ಕೆಗೂ ಸೀಲಿಂಗ್‌ಗೂ ಒಂದಡಿಯಾದರೂ ಅಂತರ ಬೇಕು. ಅಟ್ಟದ ಪಕ್ಕ, ಸಣ್ಣ ರಾಡಿನಲ್ಲಿ ಸೀಲಿಂಗ್‌ಗೆ ಅಂಟಿಸಿದ ಫ್ಯಾನಿಗೆ ಎಳೆದುಕೊಳ್ಳಲು ಗಾಳಿಯೇ ಸಿಗುವುದಿಲ್ಲ.

ಯಾರೂ ಇಲ್ಲದ ರೂಮಿನಲ್ಲಿ ಫ್ಯಾನ್ ಹಾಕಿಟ್ಟರೆ ರೂಮು ತಣ್ಣಗಾಗುತ್ತದಾ?

ಇಲ್ಲ. ಫ್ಯಾನ್ ನಿಮ್ಮ ಬೆವರನ್ನು ಆರಿಸುತ್ತದೆ, ರೂಮನ್ನಲ್ಲ. ಆದರೆ ರಾತ್ರಿ ಟೇಬಲ್ ಫ್ಯಾನನ್ನು ಬಿಸಿ ರೂಮಿನ ಕಿಟಕಿಯಲ್ಲಿ ಹೊರಮುಖ ಮಾಡಿ ಇಟ್ಟು, ತಣ್ಣನೆ ಕಡೆಯ ಕಿಟಕಿ ತೆಗೆದರೆ ಉಪಯೋಗ ಇದೆ. ಒಳಗಿನ ಬಿಸಿ ಹೊರಗೆ ಹೋಗುತ್ತದೆ, ತಂಪು ಗಾಳಿ ಎಳೆದುಕೊಂಡು ಬರುತ್ತದೆ. ನೋಡಿದವರು ನಗುತ್ತಾರೆ, ನಗಲಿ.

ಕೂಲರ್ ತಂದೆವು. ಮೊದಲ ದಿನ ಸ್ವರ್ಗ, ಆಮೇಲೆ ಮೈಯೆಲ್ಲ ಅಂಟಂಟು. ಏನಾಯಿತು?

ಕಿಟಕಿ ಮುಚ್ಚಿಕೊಂಡು ಕೂತಿದ್ದೀರಿ, ಅಲ್ವಾ? ಕೂಲರ್ ಎಸಿಯಲ್ಲ. ನೀರು ಆರುವಾಗ ಗಾಳಿ ತಂಪಾಗುತ್ತದೆ, ಜೊತೆಗೆ ತೇವವೂ ತುಂಬುತ್ತದೆ. ಅದಕ್ಕೆ ಹೊರಗಿನ ಒಣ ಗಾಳಿ ಬೇಕು, ಎದುರುಗಡೆ ಹೊರಗೆ ಹೋಗಲು ದಾರಿಯೂ ಬೇಕು. ಕಿಟಕಿಗೆ ಬೆನ್ನು ಮಾಡಿ ಇಟ್ಟು, ಎದುರಿನ ಕಿಟಕಿ ಅರ್ಧ ತೆಗೆಯಿರಿ. ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟಿದ್ದರೆ ಬೋರ್‌ವೆಲ್ ನೀರಿನ ಕಾಟ, ಗಾಳಿ ನುಗ್ಗಲ್ಲ, ತೊಳೆಯಬೇಕು ಇಲ್ಲ ಬದಲಿಸಬೇಕು. ಟ್ಯಾಂಕಿನ ನೀರನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಖಾಲಿ ಮಾಡಿ ಉಜ್ಜಿ. ಡೆಂಗಿ ಸೊಳ್ಳೆಗೆ ಅಂಥ ನೀರೇ ಬೇಕು. ಕರಾವಳಿಯವರು ಕೂಲರ್ ದುಡ್ಡಿನಲ್ಲಿ ಒಳ್ಳೆ ಫ್ಯಾನ್ ತಗೊಳ್ಳಿ.

ಎಸಿ ಇದೆ. ಮಂಚದ ಹತ್ತಿರ ನಡುಕ, ಮೂಲೆಯಲ್ಲಿ ಬೆವರು!

ಎಸಿಯನ್ನು ಎಲ್ಲಿ ಹೊಡೆದಿದ್ದಾರೆ ನೋಡಿ. ವಾರ್ಡ್‌ರೋಬ್ ಪಕ್ಕ ಸಿಕ್ಕಿಸಿದ್ದರೆ ತಂಪು ಗಾಳಿ ಅದಕ್ಕೇ ಬಡಿದು ವಾಪಸ್ ಎಸಿಯೊಳಗೆ ಹೋಗುತ್ತದೆ. ರೂಮು ತಣಿದಿದೆ ಅಂತ ಅದು ತಿಳಿದುಕೊಂಡು ಸುಮ್ನಾಗುತ್ತದೆ. ಗಾಳಿಯ ರೆಕ್ಕೆಯನ್ನು ಅಡ್ಡಕ್ಕೆ ತಿರುಗಿಸಿ, ಸೀಲಿಂಗ್ ಫ್ಯಾನನ್ನು ಒಂದೋ ಎರಡೋ ನಂಬರಿನಲ್ಲಿ ಹಾಕಿ. ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಆಮೇಲೆ ಫಿಲ್ಟರ್. ಎರಡು ವಾರಕ್ಕೊಮ್ಮೆ ತೆಗೆದು ನಲ್ಲಿ ಕೆಳಗೆ ಹಿಡಿಯಿರಿ, ನೆರಳಲ್ಲಿ ಒಣಗಿಸಿ. ಫಿಲ್ಟರ್ ಕಟ್ಟಿದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಫಿಲ್ಟರ್ ತೊಳೆದ ಮೇಲೂ ಕಟ್ಟಿದರೆ ಗ್ಯಾಸ್ ಸೋರಿರಬಹುದು.

ಈ ಗ್ಯಾಸ್ ವಿಷಯದಲ್ಲಿ ನಾನು ಚೆನ್ನಾಗಿ ಟೋಪಿ ಹಾಕಿಸಿಕೊಂಡಿದ್ದೇನೆ. ಮೂರು ಬೇಸಿಗೆ ಒಬ್ಬ ಮೆಕ್ಯಾನಿಕ್ ಬಂದು, "ಸಾರ್, ಗ್ಯಾಸ್ ಖಾಲಿ" ಅಂತ ತುಂಬಿ ಹೋದ. ಎಸಿಯ ಗ್ಯಾಸ್ ಅಡುಗೆ ಸಿಲಿಂಡರ್ ಅಲ್ಲ, ಉರಿದು ಖಾಲಿಯಾಗೋಕೆ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ತೂತಿದೆ. ನಾಲ್ಕನೇ ವರ್ಷ ಬಂದ ಹುಡುಗ ಸೋಪಿನ ನೊರೆ ಹಚ್ಚಿ ಹೊರಗಿನ ಯೂನಿಟ್ಟಿನ ನಟ್ ತೋರಿಸಿದ. ಗುಳ್ಳೆ ಎದ್ದಿತು. ಬಿಗಿ ಮಾಡಿದ, ಅಷ್ಟೆ.

ಹೊರಗಿನ ಯೂನಿಟ್ ಮೇಲೆ ಬಟ್ಟೆ ಒಣಹಾಕಬೇಡಿ, ಮುಚ್ಚಿದ ಬಾಲ್ಕನಿಯಲ್ಲಿ ಇಡಿಸಬೇಡಿ. ಬಿಸಿ ಬಿಡೋಕೆ ಅದಕ್ಕೆ ಜಾಗ ಬೇಕು. 18ಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತದೆ ಅನ್ನುವುದಕ್ಕಿಂತ, ನಿಲ್ಲದೆ ಓಡುತ್ತದೆ ಅನ್ನಿ. 2020ರ ಜನವರಿಯಿಂದ ಸ್ಟಾರ್ ರೇಟಿಂಗ್ ಇರುವ ರೂಮ್ ಎಸಿಗಳು ಆನ್ ಆಗುವಾಗಲೇ 24ಕ್ಕೆ ಇರಬೇಕು ಅನ್ನುವ ನಿಯಮ ಇದೆ. ಫ್ಯಾನ್ ಜೊತೆಗೆ 26 ಕೂಡ ಸಾಕು.

ಅಡುಗೆಮನೆಯಲ್ಲಿ ಎಕ್ಸಾಸ್ಟ್ ಇದ್ದರೂ ಒಗ್ಗರಣೆ ಘಾಟು ಹಾಲ್‌ಗೆ ಬರುತ್ತದೆ.

ಎಕ್ಸಾಸ್ಟ್ ಪಕ್ಕದ ಕಿಟಕಿ ತೆಗೆದಿದ್ದೀರಾ? ಹಾಗಾದರೆ ಫ್ಯಾನ್ ಆ ಕಿಟಕಿಯ ಗಾಳಿಯನ್ನೇ ಎಳೆದು ಹೊರಗೆ ಹಾಕುತ್ತಿದೆ, ಒಲೆಯ ಹೊಗೆ ಇದ್ದಲ್ಲೇ ಇದೆ. ಹತ್ತಿರದ್ದು ಮುಚ್ಚಿ, ಒಲೆಯ ಆಚೆ ಬದಿಯ ಕಿಟಕಿ ತೆಗೆಯಿರಿ. ಚಿಮಣಿಗೂ ಅಷ್ಟೇ, ಎಲ್ಲ ಬಂದ್ ಮಾಡಿದರೆ ಅದು ಎಳೆಯುವುದು ಯಾವ ಗಾಳಿಯನ್ನು? ಅದರ ಪೈಪಿಗೆ ಮೂರ್ನಾಲ್ಕು ತಿರುವು ಇದ್ದರೆ ಸದ್ದು ಜಾಸ್ತಿ, ಎಳೆತ ಕಡಿಮೆ.

ಚಳಿಗಾಲದಲ್ಲಿ ಉಲ್ಟಾ. ಬಾಣಂತಿ ರೂಮು ಬೆಚ್ಚಗಾಗುವುದೇ ಇಲ್ಲ.

ಉತ್ತರ ದಿಕ್ಕಿನ, ಕೆಳಗಿನ ಅಂತಸ್ತಿನ ರೂಮಿಗೆ ಡಿಸೆಂಬರ್‌ನಲ್ಲಿ ಬಿಸಿಲೇ ಬೀಳುವುದಿಲ್ಲ. ಆಗುವುದಾದರೆ ಬಾಣಂತಿಯನ್ನು ದಕ್ಷಿಣದ ರೂಮಿಗೆ ಬದಲಿಸಿ. ಗ್ರಾನೈಟ್ ನೆಲಕ್ಕೆ ಜಮಖಾನ ಹಾಸಿ. ಹೀಟರ್ ಇಡುವುದಾದರೆ ಎಣ್ಣೆ ತುಂಬಿದ ರೇಡಿಯೇಟರ್ ಥರದ್ದು ಒಳ್ಳೆಯದು. 2000 ವ್ಯಾಟಿನದನ್ನು ಸಣ್ಣ ಪ್ಲಗ್ಗಿಗೆ, ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬೇಡಿ. ಗೀಸರಿಗೆ ಹಾಕುವಂಥ ದಪ್ಪ ಪಿನ್ನಿನ ಪಾಯಿಂಟೇ ಬೇಕು.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಕಿಟಕಿ ಬಾಗಿಲು ಸಂದಿಗೆಲ್ಲ ಬಟ್ಟೆ ತುರುಕಿ ಮಲಗಿಸುವುದು ಬೇಡ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ತೂಕಡಿಕೆ ಬರುತ್ತದೆ, ಆಮೇಲೆ ಎಚ್ಚರವೇ ಆಗುವುದಿಲ್ಲ. ಗಾಳಿ ಆಡದ ಬಚ್ಚಲಿನ ಗ್ಯಾಸ್ ಗೀಸರ್ ಕೂಡ ಹೀಗೇ ಜೀವ ತೆಗೆಯುತ್ತದೆ. ಅದನ್ನು ಬಚ್ಚಲಿನ ಹೊರಗೆ, ತೆರೆದ ಜಾಗದಲ್ಲಿ ಹಾಕಿಸಿ. ಸಾಂಬ್ರಾಣಿ ಹಾಕಲೇಬೇಕು ಅಂತ ಅಮ್ಮ ಹಟ ಹಿಡಿದರೆ ಕಿಟಕಿ ತೆಗೆದು ಹಾಕಿ, ಮುಗಿದ ಕೂಡಲೇ ಕೆಂಡ ಹೊರಗೆ.

ಬಾಣಂತನಕ್ಕೆ ಅಮೆರಿಕದ ಮಗಳ ಮನೆಗೆ ಬಂದಿದ್ದೇವೆ. ಮನೆಯೆಲ್ಲ ಹೀಟರ್ ಇದ್ದರೂ ನಮ್ಮ ರೂಮು ಮಾತ್ರ ತಣ್ಣಗೆ. ಯಾಕೆ?

ನಿಮ್ಮ ಸೂಟ್‌ಕೇಸ್ ಎಲ್ಲಿಟ್ಟಿದ್ದೀರಿ? ತಮಾಷೆಯಲ್ಲ. ಅಲ್ಲಿ ಬಹಳಷ್ಟು ಮನೆಗಳಲ್ಲಿ ಫರ್ನೇಸ್ ಗಾಳಿ ಬಿಸಿ ಮಾಡಿ ತಗಡಿನ ಕೊಳವೆಗಳಲ್ಲಿ ಕಳಿಸುತ್ತದೆ. ಅದು ನೆಲದ ಜಾಲರಿಯಿಂದ ರೂಮಿಗೆ ಬರುತ್ತದೆ. ಗೋಡೆಯ ಇನ್ನೊಂದು ದೊಡ್ಡ ಜಾಲರಿಯಿಂದ ವಾಪಸ್ ಹೋಗುತ್ತದೆ. ಮೊದಲನೆಯದರ ಮೇಲೆ ಪೆಟ್ಟಿಗೆ, ಎರಡನೆಯದರ ಮುಂದೆ ಸೋಫಾ ಬಂದರೆ ಅಲ್ಲಿಗೆ ಕಥೆ ಮುಗಿಯಿತು. ಬಾಗಿಲು ಹಾಕಿದಾಗಲೂ ಅಡಿಯಲ್ಲಿ ಸಂದಿ ಇರಬೇಕು. ಫರ್ನೇಸಿನ ಫಿಲ್ಟರ್ ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಫಿಲ್ಟರ್ ಕೊನೆಯ ಸಲ ಯಾವಾಗ ಬದಲಿಸಿದಿರಿ ಅಂತ ಅಳಿಯಂದಿರನ್ನು ಕೇಳಿ, ಯೋಚಿಸಲು ಶುರು ಮಾಡಿದರೆ ಉತ್ತರ ಸಿಕ್ಕಿತು. ಮನೆಯ ಬಿಸಿ ಎಷ್ಟಿರಬೇಕು ಅಂತ ಹೊಂದಿಸುವ ಥರ್ಮೋಸ್ಟಾಟ್‌ನಲ್ಲಿ ಫ್ಯಾನನ್ನು "ಆಟೋ" ಬದಲು "ಆನ್" ಮಾಡಿ ಒಂದು ದಿನ ನೋಡಬಹುದು, ಗಾಳಿ ಬೆರೆಯುತ್ತದೆ. ಬೇಡದ ರೂಮುಗಳ ಜಾಲರಿಯನ್ನೆಲ್ಲ ಮುಚ್ಚಿ ಉಳಿಸಲು ಹೋಗಬೇಡಿ, ಕೊಳವೆಯಲ್ಲಿ ಒತ್ತಡ ಹೆಚ್ಚಿ ಫರ್ನೇಸಿಗೇ ಕಷ್ಟ.

ಬಾಡಿಗೆ ಮನೆ. ಓನರ್ ಒಂದು ಮೊಳೆ ಹೊಡೆಯಲೂ ಬಿಡಲ್ಲ. ನಾವೇನು ಮಾಡೋದು?

ಪಶ್ಚಿಮದ ಕಿಟಕಿಯ ಹೊರಗಡೆ ಗ್ರಿಲ್ಲಿಗೆ ಶೇಡ್ ನೆಟ್ ಅಥವಾ ಬಿದಿರಿನ ತಟ್ಟಿ ಕಟ್ಟಿ, ದಾರ ಸಾಕು. ಒಳಗಿನ ಪರದೆಗಿಂತ ಹೊರಗಿನ ನೆರಳು ಬಲ, ಯಾಕೆಂದರೆ ಗಾಜು ದಾಟಿದ ಬಿಸಿಲು ಆಗಲೇ ಮನೆಯೊಳಗೆ ಬಂದಾಯಿತು. ಬೀರುವನ್ನು ಬಿಸಿ ಗೋಡೆಗೆ ಇಡಿ, ಮಂಚವನ್ನು ತಣ್ಣನೆ ಗೋಡೆಗೆ. ಜಾಲರಿ ತೊಳೆಯಿರಿ, ಫ್ಯಾನಿನ ಕೆಪಾಸಿಟರ್ ಬದಲಿಸಿ. ಸುಣ್ಣದ ಮಾತನ್ನು ಓನರ್ ಹತ್ತಿರ ಫೆಬ್ರುವರಿಯಲ್ಲೇ ಎತ್ತಿ. ಕೂಲಿ ನಿಮ್ಮದು, ಸುಣ್ಣ ಅವರದು ಅಂತ ಹೇಳಿದರೆ ಬಹುಪಾಲು ಜನ ಒಪ್ಪುತ್ತಾರೆ. ನಮ್ಮ ಓನರ್ ಒಪ್ಪಿದರು, ಆಮೇಲೆ ಅವರ ಪಾಲಿನ ತಾರಸಿಗೂ ನನ್ನ ಕೈಯಲ್ಲೇ ಬಳಿಸಿದರು.